ಸತ್ಯದ ಸೂಜಿ, ಟಿ.ವಿ. ನರಕ

2006ರಲ್ಲಿ ದೇಶದ ಸುದ್ದಿ ವಾಹಿನಿಗಳಲ್ಲಿ ಒಂದು ವಿಡಿಯೊ ಮತ್ತೆ ಮತ್ತೆ ಓಡಿತು. ಮಂಚದ ಮೇಲೆ ಮಲಗಿದ ಮನುಷ್ಯ, ಮಂಪರು ತುಂಬಿದ ಮುಖ, ತೊದಲುವ ನಾಲಿಗೆ, ಪಕ್ಕದಿಂದ ಪ್ರಶ್ನೆಯ ಮೇಲೆ ಪ್ರಶ್ನೆ. ಮಲಗಿದ್ದಾತ ನಕಲಿ ಛಾಪಾ ಕಾಗದ ಹಗರಣದ ಅಬ್ದುಲ್ ಕರೀಂ ತೆಲಗಿ. ಬೆಂಗಳೂರಿನಲ್ಲಿ ಆತನಿಗೆ ನಡೆಸಿದ ಮಂಪರು ಪರೀಕ್ಷೆಯ ದೃಶ್ಯ ಅದು. ಮಹಾರಾಷ್ಟ್ರದ ದೊಡ್ಡ ರಾಜಕಾರಣಿಗಳ ಹೆಸರುಗಳು ಆತನ ಬಾಯಿಂದ ಬಿದ್ದವು. ಬೆಳಗಾವಿ ಜಿಲ್ಲೆಯ ಗಡಿಯ ಕಣಗಲಾ, ಸಂಕೇಶ್ವರ, ನಿಪ್ಪಾಣಿಯ ಕಡೆ ಮನೆಮನೆಯಲ್ಲೂ ಕನ್ನಡ, ಮರಾಠಿ, ಹಿಂದಿ ಮೂರೂ ಚಾನೆಲ್ ನಡೆಯುತ್ತವೆ. ಮಹಾರಾಷ್ಟ್ರದ ರಾಜಕಾರಣ ಇಲ್ಲಿ ಪರವೂರಿನ ಸುದ್ದಿಯಲ್ಲ. ತೆಲಗಿಯಂತೂ ಇದೇ ಜಿಲ್ಲೆಯ ಖಾನಾಪುರದವನು, ಚಿಕ್ಕಂದಿನಲ್ಲಿ ರೈಲಿನಲ್ಲಿ ಹಣ್ಣು, ಶೇಂಗಾ ಮಾರಿದವನು. ಸೂಜಿ ಚುಚ್ಚಿದರೆ ಮನಸ್ಸು ಸತ್ಯವನ್ನು ಕಕ್ಕುತ್ತದೆ ಎಂಬ ನಂಬಿಕೆಗೆ ಅಂದು ಟಿ.ವಿ. ಕೊಟ್ಟಷ್ಟು ಪ್ರಚಾರವನ್ನು ಬೇರೆ ಯಾವುದೂ ಕೊಟ್ಟಿರಲಿಕ್ಕಿಲ್ಲ.

ಆ ನಂಬಿಕೆಗೆ ನೂರು ವರ್ಷ ಆಗಿದೆ. 1922ರಲ್ಲಿ ಅಮೆರಿಕದ ಟೆಕ್ಸಾಸ್‌ನ ಹೆರಿಗೆ ವೈದ್ಯ ರಾಬರ್ಟ್ ಹೌಸ್ ಡಲ್ಲಾಸ್ ಜೈಲಿನ ಇಬ್ಬರು ಕೈದಿಗಳಿಗೆ ಸ್ಕೊಪೊಲಮಿನ್ ಕೊಟ್ಟು ಪ್ರಶ್ನೆ ಕೇಳಿದ. ಇಬ್ಬರೂ ತಾವು ನಿರಪರಾಧಿಗಳೆಂದರು. ಸತ್ಯ ಹೊರಬಂತೆಂದು ಹೌಸ್ ಸಾರಿದ. ‘ಟ್ರುತ್ ಸೀರಮ್’ ಎಂಬ ಹೆಸರಿಗೆ ಪತ್ರಿಕೆಗಳಲ್ಲಿ ರೆಕ್ಕೆ ಬಂದಿದ್ದು ಆಗಲೇ. ಮುಂದೆ ಬಂದ ಸೋಡಿಯಂ ಪೆಂಟೊಥಾಲ್ ಮೂಲತಃ ಶಸ್ತ್ರಚಿಕಿತ್ಸೆಯಲ್ಲಿ ಪ್ರಜ್ಞೆ ತಪ್ಪಿಸುವ ಔಷಧ. ಕಡಿಮೆ ಪ್ರಮಾಣದಲ್ಲಿ ಕೊಟ್ಟರೆ ಬಿಗುವು ಸಡಿಲವಾಗಿ ಮಾತು ಹೆಚ್ಚುತ್ತದೆ. ಹೆಚ್ಚುವ ಮಾತಿನಲ್ಲಿ ಕಂಡದ್ದು, ಕೇಳಿದ್ದು, ಕಲ್ಪಿಸಿಕೊಂಡದ್ದು, ಪ್ರಶ್ನೆ ಕೇಳುವವರು ಬಾಯಿಗೆ ಇಟ್ಟದ್ದು ಎಲ್ಲ ಕಲಸಿರುತ್ತದೆ. ಔಷಧದ ಅಮಲಿನಲ್ಲೂ ಆರೋಗ್ಯವಂತ ಮನುಷ್ಯ ತನ್ನ ಸುಳ್ಳನ್ನು ಕಾಪಾಡಿಕೊಳ್ಳಬಲ್ಲ ಎಂದು ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 1951ರಲ್ಲೇ ತೋರಿಸಿದ್ದರು.

ಪ್ರೇಕ್ಷಕನ ಮುಂದೆ ಇದ್ಯಾವುದೂ ಇರಲಿಲ್ಲ. ಅವನು ನೋಡಿದ್ದು ತಾಸುಗಟ್ಟಲೆ ನಡೆಯುವ ವಿಚಾರಣೆಯಿಂದ ಕತ್ತರಿಸಿ ತೆಗೆದ ತುಣುಕುಗಳನ್ನು. ಹೆಸರು ಮೊದಲು ಬಂದದ್ದು ಯಾರ ಬಾಯಿಂದ, ಕೇಳಿದವರದ್ದೋ ಹೇಳಿದವನದ್ದೋ? ಇದೇ ಪ್ರಶ್ನೆಗೆ ಬೇರೆ ಉತ್ತರವನ್ನೂ ಆತ ಕೊಟ್ಟಿದ್ದನೆ? ಕೆಳಗೆ ಓಡುವ ಕೆಂಪು ಪಟ್ಟಿಯಲ್ಲಿ ಇಂಥ ಪ್ರಶ್ನೆಗಳಿಗೆ ಜಾಗವಿರುವುದಿಲ್ಲ.

ಆ ವರ್ಷಗಳಲ್ಲಿ ದೇಶದ ನಾನಾ ಕಡೆಯ ಆರೋಪಿಗಳನ್ನು ಮಂಪರು ಪರೀಕ್ಷೆಗೆ ಬೆಂಗಳೂರಿಗೇ ಕರೆತರುತ್ತಿದ್ದರು. ಜೊತೆಗೆ ಸುಳ್ಳು ಪತ್ತೆ ಯಂತ್ರ, ಮೆದುಳಿನ ವಿದ್ಯುತ್ ಅಲೆ ಓದುವ ‘ಬ್ರೇನ್ ಮ್ಯಾಪಿಂಗ್’. ಕೊನೆಯದನ್ನು ಪರಿಶೀಲಿಸಲು ನಿಮ್ಹಾನ್ಸ್ ನಿರ್ದೇಶಕರಾಗಿದ್ದ ಡಾ. ಡಿ. ನಾಗರಾಜ ಅವರ ನೇತೃತ್ವದಲ್ಲಿ ಸಮಿತಿ ನೇಮಕವಾಯಿತು. ಈ ವಿಧಾನಕ್ಕೆ ವೈಜ್ಞಾನಿಕ ಬುನಾದಿ ಸಾಲದು, ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಬಳಸಬಾರದು ಎಂದು ಸಮಿತಿ 2008ರಲ್ಲಿ ಹೇಳಿತು. 2010ರ ಮೇ 5ರಂದು ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು: ಒಪ್ಪಿಗೆಯಿಲ್ಲದೆ ಮಂಪರು, ಸುಳ್ಳು ಪತ್ತೆ, ಬ್ರೇನ್ ಮ್ಯಾಪಿಂಗ್ ಪರೀಕ್ಷೆ ಮಾಡುವುದು ಸಂವಿಧಾನಬಾಹಿರ. ಒಪ್ಪಿಗೆ ಕೊಟ್ಟರೂ ಪರೀಕ್ಷೆಯ ಫಲಿತಾಂಶವೇ ಸಾಕ್ಷ್ಯವಾಗದು. ತೀರ್ಪು ದೇಶಕ್ಕೆಲ್ಲ ಅನ್ವಯಿಸಿತು. ಆದರೂ ದೊಡ್ಡ ಕೊಲೆ ಪ್ರಕರಣವೊಂದು ಸುದ್ದಿಯಾದರೆ ಸಾಕು, ‘ಮಂಪರು ಪರೀಕ್ಷೆ ಮಾಡಿಸಿ’ ಎಂಬ ಕೂಗು ಸ್ಟುಡಿಯೊದಲ್ಲೂ ಚಹಾದಂಗಡಿಯಲ್ಲೂ ಈಗಲೂ ಏಳುತ್ತದೆ. ನೂರಾರು ಪುಟದ ತೀರ್ಪನ್ನು ಓದಿದವರಿಗಿಂತ ಆ ವಿಡಿಯೊ ನೋಡಿದವರ ಸಂಖ್ಯೆ ದೊಡ್ಡದು.

ಇದು ಪೊಲೀಸ್ ಕೋಣೆಯಿಂದ ಟಿ.ವಿ.ಗೆ ಬಂದದ್ದು. ಟಿ.ವಿ.ಗೆಂದೇ ಕಟ್ಟುವ ಪರೀಕ್ಷೆಗಳದು ಇನ್ನೊಂದು ಕಥೆ.

2024ರ ಸೆಪ್ಟೆಂಬರ್ ಕೊನೆಗೆ ಶುರುವಾದ ಬಿಗ್ ಬಾಸ್ ಕನ್ನಡದ 11ನೇ ಆವೃತ್ತಿಯಲ್ಲಿ ಮನೆಯನ್ನು ಸ್ವರ್ಗ, ನರಕ ಎಂದು ಎರಡು ಮಾಡಿದ್ದರು. ಸ್ವರ್ಗದವರಿಗೆ ಸುಖ, ನರಕದವರಿಗೆ ಗಂಜಿ. ನರಕದಲ್ಲಿದ್ದವರ ಊಟ, ಶೌಚಾಲಯ ಬಳಕೆ, ಹೆಣ್ಣುಮಕ್ಕಳ ಖಾಸಗಿತನದ ಬಗ್ಗೆ ರಾಜ್ಯ ಮಹಿಳಾ ಆಯೋಗ ಪ್ರಶ್ನೆ ಎತ್ತಿತು, ಪೊಲೀಸರಿಗೂ ಪತ್ರ ಹೋಯಿತು. ಅಕ್ಟೋಬರ್‌ನಲ್ಲಿ ನರಕದ ಸೆಟ್ಟೇ ಮಾಯವಾಯಿತು. ‘ಮೇಲೆ-ಕೆಳಗೆ ಎಂದು ಕೂರಿಸಿದರೆ ಮನುಷ್ಯನ ನಿಜ ಸ್ವಭಾವ ಗೊತ್ತಾಗುತ್ತದೆ’ ಎಂಬ ಮಾತು ಇಂಥ ಕಾರ್ಯಕ್ರಮಗಳ ಬೆನ್ನಿಗೆ ಸದಾ ಇರುತ್ತದೆ. ಅದರ ಬೇರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಒಂದು ನೆಲಮಾಳಿಗೆಯಲ್ಲಿದೆ. ಆ ನೆಲಮಾಳಿಗೆಯ ಪ್ರಯೋಗ ನಡೆಸಿದ ಮನಶ್ಶಾಸ್ತ್ರಜ್ಞ ಫಿಲಿಪ್ ಜಿಂಬಾರ್ಡೊ ತೀರಿಕೊಂಡದ್ದೂ ಅದೇ 2024ರ ಅಕ್ಟೋಬರ್‌ನಲ್ಲಿ, ಕಾಕತಾಳೀಯ ಅಷ್ಟೆ.

1971ರ ಆಗಸ್ಟ್‌ನಲ್ಲಿ ಜಿಂಬಾರ್ಡೊ ದಿನಕ್ಕೆ 15 ಡಾಲರ್ ಕೂಲಿಯ ಮೇಲೆ 24 ತರುಣರನ್ನು ಆರಿಸಿ ಕೆಲವರನ್ನು ಕಾವಲುಗಾರರು, ಕೆಲವರನ್ನು ಕೈದಿಗಳು ಎಂದು ಮಾಡಿದರು. ಎರಡು ವಾರ ನಡೆಯಬೇಕಿದ್ದುದನ್ನು ಆರೇ ದಿನಕ್ಕೆ ನಿಲ್ಲಿಸಬೇಕಾಯಿತು. ಕಾವಲುಗಾರರು ಅಷ್ಟು ಕ್ರೂರಿಗಳಾಗಿದ್ದರು. ಅಧಿಕಾರದ ಅಂಗಿ ತೊಡಿಸಿದರೆ ಒಳ್ಳೆಯವನೂ ಕೆಡುತ್ತಾನೆ ಎಂಬ ಪಾಠ ಪಠ್ಯಪುಸ್ತಕಗಳಿಗೆ ಹೋಯಿತು. ಅದಕ್ಕೂ ಮೊದಲು ಹೋದದ್ದು ಮಾತ್ರ ಟಿ.ವಿ.ಗೆ: ಅದೇ ವರ್ಷದ ನವೆಂಬರ್‌ನಲ್ಲಿ ಎನ್‌ಬಿಸಿ ವಾಹಿನಿ ಅದರ ಕಾರ್ಯಕ್ರಮ ಪ್ರಸಾರ ಮಾಡಿತು. ವಿಜ್ಞಾನ ಪತ್ರಿಕೆಯಲ್ಲಿ ಪ್ರಬಂಧ ಬಂದದ್ದು 1973ರಲ್ಲಿ. ಅಂದರೆ ಪರಿಶೀಲಕರು ಕಣ್ಣಾಡಿಸುವ ಮೊದಲೇ ಪ್ರೇಕ್ಷಕರು ತೀರ್ಪು ಕೊಟ್ಟಾಗಿತ್ತು.

ಫ್ರಾನ್ಸಿನ ಸಂಶೋಧಕ ತಿಬೊ ಲ ತೆಕ್ಸಿಯೆ ಸ್ಟ್ಯಾನ್‌ಫರ್ಡ್‌ನ ಕಡತಗಳನ್ನೂ ಧ್ವನಿಮುದ್ರಿಕೆಗಳನ್ನೂ ಕೆದಕಿ 2018ರಲ್ಲಿ ಪುಸ್ತಕ ತಂದ ಮೇಲೆ ಕಥೆ ಬದಲಾಯಿತು. ‘ಇನ್ನಷ್ಟು ಗಟ್ಟಿಯಾಗು’ ಎಂದು ಮೆತ್ತಗಿನ ಕಾವಲುಗಾರನೊಬ್ಬನನ್ನು ಜಿಂಬಾರ್ಡೊ ಅವರ ಸಹಾಯಕನೇ ಹುರಿದುಂಬಿಸುವುದು ಟೇಪಿನಲ್ಲಿದೆ. ಎಲ್ಲರಿಗಿಂತ ಕ್ರೂರಿ ಎನಿಸಿಕೊಂಡ ಕಾವಲುಗಾರ, ತಾನು ಸಿನಿಮಾ ಪಾತ್ರವೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ನಟಿಸಿದ್ದಾಗಿ ಹೇಳಿದ್ದಾನೆ. ಹುಚ್ಚು ಹಿಡಿದವನಂತೆ ಕಿರುಚಿದ ಕೈದಿ, ಪರೀಕ್ಷೆಗೆ ಓದಲು ಹೊರಬರಬೇಕಿತ್ತು, ಅದಕ್ಕೆ ಕಿರುಚಿದೆ ಎಂದಿದ್ದಾನೆ. ಜಾಹೀರಾತಿನಲ್ಲಿ ‘ಜೈಲು ಜೀವನ’ ಎಂಬ ಮಾತಿದ್ದರೆ ಅರ್ಜಿ ಹಾಕುವವರೇ ಬೇರೆ ಬಗೆಯವರು, ಹೆಚ್ಚು ಆಕ್ರಮಣಶೀಲರು ಎಂದು 2007ರ ಅಧ್ಯಯನವೊಂದು ತೋರಿಸಿತ್ತು. ಇದನ್ನು ರಿಯಾಲಿಟಿ ಶೋಗಳ ಆಡಿಷನ್‌ಗೆ ಅನ್ವಯಿಸಿ ನೋಡಬಹುದು. ನೂರು ದಿನ ಕ್ಯಾಮೆರಾ ಮುಂದೆ ಜಗಳವಾಡಲು ಸಿದ್ಧರಿರುವವರು ಸಾವಿರಕ್ಕೆ ಎಷ್ಟು ಮಂದಿ? ಅವರಲ್ಲೂ ಸಪ್ಪೆ ಎನಿಸಿದವರನ್ನು ಬಿಟ್ಟು, ಕಿಡಿ ಹಾರಿಸುವವರನ್ನು ಆರಿಸಿ, ಕಿಡಿ ಹಾರಿದ ಮೇಲೆ ‘ನೋಡಿ, ಮನುಷ್ಯ ಹೀಗೆ’ ಎಂದರೆ ಅದು ಯಾವ ಮನುಷ್ಯನ ಕುರಿತ ಮಾತು?

ಟಿ.ವಿ.ಯಲ್ಲಿ ಏನೂ ಸಾಧ್ಯವಿಲ್ಲ ಎಂದಲ್ಲ. ಅಲೆಕ್ಸ್ ಹ್ಯಾಸ್ಲಮ್ ಮತ್ತು ಸ್ಟೀಫನ್ ರೈಕರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2001ರ ಡಿಸೆಂಬರ್‌ನಲ್ಲಿ ಬಿಬಿಸಿಗಾಗಿ ಸ್ಟುಡಿಯೊದಲ್ಲೇ ಜೈಲು ಕಟ್ಟಿ 15 ಗಂಡಸರನ್ನು ಇರಿಸಿದರು. ಕಾವಲುಗಾರರಿಗೆ ‘ಹೀಗೆ ವರ್ತಿಸಿ’ ಎಂದು ಹೇಳಲಿಲ್ಲ. ಏನನ್ನು ಯಾವಾಗ ಬದಲಿಸುತ್ತೇವೆ ಎಂಬುದನ್ನು ಮೊದಲೇ ಯೋಜಿಸಿದ್ದರು. ಹೊರಗಿನ ನೈತಿಕ ಸಮಿತಿ ಕಣ್ಣಿಟ್ಟಿತ್ತು. ಅಲ್ಲಿ ಕಾವಲುಗಾರರು ಕ್ರೂರಿಗಳಾಗಲಿಲ್ಲ. ಅಧಿಕಾರ ಚಲಾಯಿಸಲು ಸಂಕೋಚಪಟ್ಟು ಒಡೆದುಹೋದರು, ಕೈದಿಗಳು ಒಗ್ಗಟ್ಟಾಗಿ ಎದ್ದರು. ‘ಅದು ರಿಯಾಲಿಟಿ ಶೋ, ವಿಜ್ಞಾನವಲ್ಲ’ ಎಂದು ಜಿಂಬಾರ್ಡೊ ಗದರಿದರು. ಎನ್‌ಬಿಸಿಯಲ್ಲಿ ಮೊದಲು ಮೆರೆದ ಪ್ರಯೋಗದ ಕರ್ತೃ ಆಡಿದ ಮಾತು ಇದು ಎಂಬುದನ್ನು ಮರೆಯಬಾರದು. ಆದರೂ ಆಕ್ಷೇಪದಲ್ಲಿ ಹುರುಳಿದೆ: ಕ್ಯಾಮೆರಾ ಇದೆ ಎಂದು ಗೊತ್ತಿದ್ದ ಕಾವಲುಗಾರ ಊರವರ ಮುಂದೆ ಕೆಟ್ಟವನಾಗಲು ಹಿಂಜರಿದಿರಬಹುದು.

ಕನ್ನಡದ ಕಿರುತೆರೆ ಬಿಗ್ ಬಾಸ್‌ನ ಸ್ವರ್ಗ-ನರಕಕ್ಕೂ ಮೊದಲೇ ಸಾಮಾಜಿಕ ಪ್ರಯೋಗದ ಮಾತಾಡಿತ್ತು. ಸುವರ್ಣ ವಾಹಿನಿಯ ‘ಪ್ಯಾಟೆ ಹುಡ್ಗೀರ್ ಹಳ್ಳಿ ಲೈಫು’ ಪೇಟೆಯ ಹುಡುಗಿಯರನ್ನು ಹಳ್ಳಿಗೆ ಕಳಿಸಿತು, ‘ಹಳ್ಳಿ ಹೈದ ಪ್ಯಾಟೇಗ್ ಬಂದ’ ಹಳ್ಳಿಯ, ಹಾಡಿಯ ಹುಡುಗರನ್ನು ಪೇಟೆಗೆ ತಂದಿತು. ಎರಡನೆಯದನ್ನು ಗೆದ್ದವನು ಎಚ್.ಡಿ. ಕೋಟೆ ತಾಲ್ಲೂಕಿನ ಬಳ್ಳೆ ಹಾಡಿಯ ರಾಜೇಶ್. ಗೆದ್ದ ಮೇಲೆ ಸಿನಿಮಾ, ಸನ್ಮಾನ, ನಡುವೆ ಮಾನಸಿಕ ಅಸ್ವಸ್ಥತೆಯ ಚಿಕಿತ್ಸೆ. 2013ರಲ್ಲಿ ಮೈಸೂರಿನಲ್ಲಿ ಆತ ತೀರಿಕೊಂಡ. ಒಂದರಿಂದಲೇ ಇನ್ನೊಂದು ಆಯಿತು ಎನ್ನಲು ಯಾರ ಬಳಿಯೂ ಆಧಾರವಿಲ್ಲ, ಹಾಗೆ ಹೇಳುವುದು ಅನ್ಯಾಯ. ಆದರೆ ವಿಶ್ವವಿದ್ಯಾಲಯವೊಂದು ಇಂಥ ಅಧ್ಯಯನಕ್ಕೆ ಕೈ ಹಾಕಿದರೆ ಮೊದಲು ನೈತಿಕ ಸಮಿತಿಯ ಮುಂದೆ ನಿಲ್ಲಬೇಕು. ಭಾಗವಹಿಸುವವರಿಗೆ ಅಪಾಯವೇನು, ಯಾವಾಗ ಬೇಕಾದರೂ ಬಿಟ್ಟುಹೋಗಬಹುದೆ, ಮುಗಿದ ಮೇಲೆ ಅವರನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಬರೆದು ಕೊಡಬೇಕು. ಮನರಂಜನೆ ಎಂದು ಹೆಸರಿಟ್ಟರೆ ಒಂದು ಕರಾರುಪತ್ರಕ್ಕೆ ಸಹಿ ಸಾಕು.

ಗುಪ್ತ ಕ್ಯಾಮೆರಾದ ತಮಾಷೆಗಳಿಗೆ ಬಂದರೆ ಅಲ್ಲಿ ಸಮಸ್ಯೆ ಲೆಕ್ಕದ್ದು. 1962ರಲ್ಲಿ ಅಮೆರಿಕದ ‘ಕ್ಯಾಂಡಿಡ್ ಕ್ಯಾಮೆರಾ’ ಒಂದು ಲಿಫ್ಟ್ ದೃಶ್ಯ ತೋರಿಸಿತು. ಒಳಗಿದ್ದ ನಟರೆಲ್ಲ ಬಾಗಿಲಿಗೆ ಬೆನ್ನು ಮಾಡಿ ನಿಲ್ಲುತ್ತಾರೆ. ಪಾಪದ ಪ್ರಯಾಣಿಕ ಗಡಿಯಾರ ನೋಡುತ್ತ ಮೆಲ್ಲಗೆ ತಾನೂ ತಿರುಗುತ್ತಾನೆ. ಇಂದಿಗೂ ಮನಶ್ಶಾಸ್ತ್ರದ ತರಗತಿಗಳಲ್ಲಿ ಆ ತುಣುಕು ನಗು ಉಕ್ಕಿಸುತ್ತದೆ. ತಿರುಗದೆ ನಿಂತವರು ಎಷ್ಟು ಎಂದು ಕಾರ್ಯಕ್ರಮ ಹೇಳುವುದಿಲ್ಲ. ಇದೇ ವಿಷಯವನ್ನು ಸಾಲಮನ್ ಆಶ್ 1950ರ ದಶಕದಲ್ಲಿ ಗೆರೆಗಳ ಉದ್ದ ಹೋಲಿಸುವ ಸರಳ ಪರೀಕ್ಷೆಯಿಂದ ಅಳೆದಿದ್ದರು. ಗುಂಪು ಬೇಕೆಂದೇ ತಪ್ಪು ಹೇಳಿದಾಗ ಅದರ ಜೊತೆ ಹೋದ ಉತ್ತರಗಳು ಸುಮಾರು ಶೇ 37. ಉಳಿದ ಉತ್ತರಗಳಲ್ಲಿ ಜನ ತಮ್ಮ ಕಣ್ಣನ್ನೇ ನಂಬಿದ್ದರು, ಕಾಲು ಭಾಗ ಮಂದಿಯಂತೂ ಒಮ್ಮೆಯೂ ಬಗ್ಗಲಿಲ್ಲ. ಒಬ್ಬನೇ ಒಬ್ಬ ಸರಿ ಉತ್ತರ ಹೇಳಿ ಜೊತೆಗೆ ನಿಂತರೆ ಗುಂಪಿನ ಒತ್ತಡ ಬಹುಮಟ್ಟಿಗೆ ಕುಸಿಯುತ್ತಿತ್ತು. ‘ಜನ ಕುರಿಗಳು’ ಎಂಬ ತೀರ್ಮಾನಕ್ಕೆ ಟಿ.ವಿ. ಬಂದದ್ದು ಬಗ್ಗಿದವರನ್ನು ಮಾತ್ರ ತೋರಿಸಿ. ಯುಟ್ಯೂಬಿನ ‘ಸೋಶಿಯಲ್ ಎಕ್ಸ್‌ಪರಿಮೆಂಟ್’ಗಳಲ್ಲಿ ಬಗ್ಗುವವರೂ ಎಷ್ಟೋ ಸಲ ಸಂಬಳದ ನಟರೇ.

ಮಕ್ಕಳ ಮುಂದೆ ಚಾಕೊಲೇಟ್ ಇಟ್ಟು ‘ನಾ ಬರೂ ತನಕ ಮುಟ್ಟಬ್ಯಾಡ’ ಎಂದು ಅಡುಗೆಮನೆಗೆ ಹೋಗುವ ತಾಯಂದಿರ ಮೊಬೈಲ್ ವಿಡಿಯೊಗಳ ಮೂಲವೂ ಸ್ಟ್ಯಾನ್‌ಫರ್ಡ್. ತಿನ್ನದೆ ಕಾದರೆ ಇನ್ನೊಂದು ಮಿಠಾಯಿ ಕೊಡುವುದಾಗಿ ಹೇಳುವ ವಾಲ್ಟರ್ ಮಿಶೆಲ್ ಅವರ ಮಾರ್ಷ್‌ಮೆಲೊ ಪರೀಕ್ಷೆಯಲ್ಲಿ ಕಾದ ಮಗು ಮುಂದೆ ಜಾಣ ಆಗುತ್ತದೆ ಎಂದು ಪ್ರಚಾರವಾಗಿತ್ತು. 900ಕ್ಕೂ ಹೆಚ್ಚು ಮಕ್ಕಳ ಮಾಹಿತಿ ಹಿಡಿದು 2018ರಲ್ಲಿ ನೋಡಿದಾಗ, ಮನೆತನದ ಸ್ಥಿತಿ, ತಾಯಿಯ ಓದು ಇವನ್ನು ಲೆಕ್ಕಕ್ಕೆ ತಂದರೆ ಆ ನಂಟು ಬಹುಪಾಲು ಕರಗಿತು. ಹಿರಿಯರು ಮಾತು ತಪ್ಪುವ ಕಡೆ ಬೆಳೆದ ಮಗು ಸಿಕ್ಕಿದ್ದನ್ನು ಕೂಡಲೇ ತಿನ್ನುವುದು ಅದರ ಮಟ್ಟಿಗೆ ಜಾಣತನವೇ.

ಪಂದ್ಯ ನೇರವಾಗಿದ್ದರೆ ಟಿ.ವಿ. ಪರೀಕ್ಷೆ ಚೊಕ್ಕವಾಗಿಯೂ ನಡೆಯಬಲ್ಲದು, ನಡೆಸುವ ಮನಸ್ಸಿರಬೇಕು ಅಷ್ಟೆ. ಕೆಲವು ವರ್ಷಗಳ ಹಿಂದೆ ‘ಮಿಡ್‌ಬ್ರೇನ್ ಆ್ಯಕ್ಟಿವೇಷನ್’ ಎಂಬ ಕೋರ್ಸು ಕರ್ನಾಟಕದ ಊರೂರಿಗೂ ಬಂತು. ಸಾವಿರಾರು ರೂಪಾಯಿ ಫೀಸು ಕಟ್ಟಿದರೆ ಮಗುವಿನ ಮಧ್ಯಮೆದುಳು ‘ಎಚ್ಚೆತ್ತು’ ಕಣ್ಣಿಗೆ ಬಟ್ಟೆ ಕಟ್ಟಿದರೂ ಓದುತ್ತದಂತೆ. ಮಧ್ಯಮೆದುಳು ಎಲ್ಲರಲ್ಲೂ ಹುಟ್ಟಿನಿಂದಲೇ ಎಚ್ಚರವಾಗಿರುತ್ತದೆ. ಕಣ್ಣುಗುಡ್ಡೆಯ ಚಲನೆಯಲ್ಲೂ ನಿದ್ದೆ-ಎಚ್ಚರದಲ್ಲೂ ಅದರ ಕೆಲಸವಿದೆ. ಚಾನೆಲ್‌ಗಳು ಮಾತ್ರ ಬಟ್ಟೆ ಕಟ್ಟಿದ ಮಕ್ಕಳನ್ನು ಸ್ಟುಡಿಯೊಗೆ ಕರೆಸಿ ನೋಟಿನ ನಂಬರು ಓದಿಸಿದವು. ನಿರೂಪಕರು ಬಾಯಿ ತೆರೆದರು. ಮಂಗಳೂರಿನ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ಶಾಸ್ತ್ರ ಕಲಿಸುತ್ತಿದ್ದ ವಿಚಾರವಾದಿ ನರೇಂದ್ರ ನಾಯಕ್ ಇದರ ಬೆನ್ನು ಹತ್ತಿದರು. ಅವರು ತೋರಿಸಿದ ಗುಟ್ಟು ಇಷ್ಟೆ: ಬಟ್ಟೆ ಎಷ್ಟೇ ದಪ್ಪವಿರಲಿ, ಮೂಗಿನ ಪಕ್ಕದಲ್ಲಿ ಸಂದಿ ಉಳಿಯುತ್ತದೆ, ಮಗು ಕಣ್ಣಂಚಿನಿಂದ ಕೆಳಗೆ ನೋಡುತ್ತದೆ. ಆ ಸಂದಿ ಮುಚ್ಚಿದರೆ ಅಥವಾ ಓದಬೇಕಾದ್ದನ್ನು ಹಣೆಯ ಮಟ್ಟಕ್ಕೆ ಹಿಡಿದರೆ ಓದು ನಿಲ್ಲುತ್ತದೆ. ಐದು ನಿಮಿಷದ ಕೆಲಸ. ಸ್ಟುಡಿಯೊದವರಿಗೆ ಇದು ಹೊಳೆಯಲಿಲ್ಲವೆಂದು ನಂಬುವುದು ಕಷ್ಟ. ಹೊಳೆದರೆ ಕಾರ್ಯಕ್ರಮ ಐದೇ ನಿಮಿಷಕ್ಕೆ ಮುಗಿಯುತ್ತದೆ.

ಬೆಳಗಾವಿಯ ಸದಾಶಿವನಗರ ಸ್ಮಶಾನದಲ್ಲಿ 2014ರ ಡಿಸೆಂಬರ್ 6ರಂದು ಸತೀಶ್ ಜಾರಕಿಹೊಳಿ ರಾತ್ರಿ ಕಳೆದದ್ದನ್ನೂ ಕ್ಯಾಮೆರಾಗಳು ಹಿಡಿದವು. ಹುಕ್ಕೇರಿ ಸೀಮೆಯ ಯಮಕನಮರಡಿ ಕ್ಷೇತ್ರದ ಶಾಸಕರು ಅವರು. ಅವರ ಮಾನವ ಬಂಧುತ್ವ ವೇದಿಕೆ ಮುಂದಿನ ವರ್ಷಗಳಲ್ಲೂ ಆ ದಿನ ಅಲ್ಲಿ ಮೂಢನಂಬಿಕೆ ವಿರೋಧಿ ಕಾರ್ಯಕ್ರಮ ನಡೆಸಿಕೊಂಡು ಬಂತು. ಕಟ್ಟುನಿಟ್ಟಾಗಿ ನೋಡಿದರೆ ಒಂದು ರಾತ್ರಿಯ ನಿದ್ದೆ ದೆವ್ವವಿಲ್ಲವೆಂದು ಸಾಧಿಸುವುದಿಲ್ಲ. ಸ್ಮಶಾನದ ಮಣ್ಣಲ್ಲಿ ಕೂತು ಉಂಡರೆ ಏನೂ ಆಗದು ಎಂದು ಅಂಜುವವರಿಗೆ ತೋರಿಸುವುದಷ್ಟೇ ಅದರ ಗುರಿ. ಅದಕ್ಕಿಂತ ದೊಡ್ಡದನ್ನು ಸಾಧಿಸಿದೆವೆಂದು ಅಲ್ಲಿ ಯಾರೂ ಹೇಳಿಕೊಳ್ಳುವುದಿಲ್ಲ, ಹಾಗಾಗಿ ಮೋಸವೂ ಇಲ್ಲ.

ನೇರ ಪಂದ್ಯ ಟಿ.ವಿ.ಯಲ್ಲೇ ನಡೆದದ್ದೂ ಇದೆ. ಚಮಚ ಬಗ್ಗಿಸುವ ‘ಮನಶ್ಶಕ್ತಿ’ಯ ಯೂರಿ ಗೆಲ್ಲರ್ 1973ರ ಆಗಸ್ಟ್ 1ರಂದು ಅಮೆರಿಕದ ‘ಟುನೈಟ್ ಶೋ’ಗೆ ಬಂದ. ನಿರೂಪಕ ಜಾನಿ ಕಾರ್ಸನ್ ತಾನೇ ಹಿಂದೆ ಜಾದೂಗಾರ. ಮತ್ತೊಬ್ಬ ಜಾದೂಗಾರ ಜೇಮ್ಸ್ ರ್‍ಯಾಂಡಿಯನ್ನು ಕೇಳಿ, ಚಮಚ, ಡಬ್ಬಿಗಳನ್ನು ತಾವೇ ತಂದು, ಗೆಲ್ಲರ್‌ನ ಕಡೆಯವರು ಮುಟ್ಟದಂತೆ ಕಾದರು. ಗೆಲ್ಲರ್ ಬೆವರಿದ, ಇವತ್ತು ಶಕ್ತಿ ಬರುತ್ತಿಲ್ಲ ಎಂದ. ಏನೂ ಬಗ್ಗಲಿಲ್ಲ. ಇಷ್ಟು ನಿಚ್ಚಳ ಸೋಲನ್ನು ಕೋಟ್ಯಂತರ ಮಂದಿ ನೋಡಿದ ಮೇಲೂ ಅವನ ಬೇಡಿಕೆ ಕುಗ್ಗಲಿಲ್ಲ. ಬರೀ ಜಾದೂ ಆಗಿದ್ದರೆ ಪ್ರತಿಸಲ ಸಾಧಿಸುತ್ತಿದ್ದ, ಸೋತದ್ದರಿಂದಲೇ ಶಕ್ತಿ ನಿಜ ಎಂದು ವಾದಿಸಿದವರೂ ಇದ್ದರು!

ಟಿ.ವಿ.ಯ ಶಕ್ತಿಯನ್ನೇ ಪರೀಕ್ಷೆಗೆ ಒಡ್ಡಿದ ಎರಡು ಉದಾಹರಣೆಗಳಿವೆ. ಮೊದಲನೆಯದು ಫ್ರಾನ್ಸಿನ ‘ಸಾವಿನ ಆಟ’, 2010ರ ಮಾರ್ಚ್ 17ರಂದು ಫ್ರಾನ್ಸ್-2 ವಾಹಿನಿಯಲ್ಲಿ ಬಂದದ್ದು. ಯೇಲ್‌ನಲ್ಲಿ 1961ರಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ ನಡೆಸಿದ ಹೆಸರಾಂತ ಪ್ರಯೋಗದಲ್ಲಿ ತಪ್ಪು ಉತ್ತರಕ್ಕೆ ವಿದ್ಯುತ್ ಆಘಾತ ಕೊಡುವಂತೆ ವಿಜ್ಞಾನಿ ಹೇಳುತ್ತಿದ್ದ. ಮುಖ್ಯ ಆವೃತ್ತಿಯೊಂದರಲ್ಲಿ 40 ಮಂದಿಯಲ್ಲಿ 26 ಜನ 450 ವೋಲ್ಟ್‌ವರೆಗೆ ಹೋಗಿದ್ದರು. ಆಘಾತ ಸುಳ್ಳು, ಕಿರುಚುವವನು ನಟ. ಫ್ರಾನ್ಸಿನಲ್ಲಿ ವಿಜ್ಞಾನಿಯ ಜಾಗಕ್ಕೆ ಗೇಮ್ ಶೋ ನಿರೂಪಕಿ ಬಂದಳು, ಸುತ್ತ ಕೂಗುವ ಪ್ರೇಕ್ಷಕರು. ಶೇ 81 ಮಂದಿ ಕೊನೆಯ 460 ವೋಲ್ಟ್ ಗುಂಡಿ ಒತ್ತಿದರು. ಪತ್ರಿಕೆಗಳ ತಲೆಬರಹಕ್ಕೆ ಈ ಸಂಖ್ಯೆ ಸಾಕಾಯಿತು. ಪ್ರಯೋಗ ನಡೆಸಿದ ಜಾನ್-ಲಿಯೊನ್ ಬೊವ್ವಾ ಮತ್ತು ಸಂಗಡಿಗರು ಅಷ್ಟಕ್ಕೇ ನಿಲ್ಲಿಸಿರಲಿಲ್ಲ, ಆಟದ ಬೇರೆ ಬೇರೆ ಆವೃತ್ತಿ ಮಾಡಿದ್ದರು. ನಿರೂಪಕಿ ವೇದಿಕೆ ಬಿಟ್ಟು ಹೋದ ಆವೃತ್ತಿಯಲ್ಲಿ ಕೊನೆವರೆಗೆ ಹೋದವರು ಶೇ 28 ಮಾತ್ರ. ಮುಂದೆ ಇದು ಸಂಶೋಧನಾ ಪತ್ರಿಕೆಯಲ್ಲೂ ಪ್ರಕಟವಾಯಿತು. ಒಂದನ್ನು ಬದಲಿಸಿ ಉಳಿದದ್ದನ್ನು ಹಾಗೇ ಇಟ್ಟು ಹೋಲಿಸುವ ಈ ಕೆಲಸವೇ ಆ ಕಾರ್ಯಕ್ರಮವನ್ನು ಬರೀ ತಮಾಷೆಯಿಂದ ಬೇರೆ ಮಾಡಿದ್ದು. ಆದರೂ ಸ್ಟುಡಿಯೊಗೆ ಬಂದವನಿಗೆ ಇಲ್ಲಿ ಯಾರೂ ನಿಜವಾಗಿ ಸಾಯುವುದಿಲ್ಲ ಎಂಬ ಭರವಸೆ ಒಳಗೊಳಗೇ ಇದ್ದಿರಬಹುದು ಎಂಬ ಆಕ್ಷೇಪ ಉಳಿದೇ ಇದೆ.

ಎರಡನೆಯದು ಮಿಲ್‌ಗ್ರಾಮ್ ಅವರದ್ದೇ, ಹೆಚ್ಚಿನವರು ಕೇಳಿರದದ್ದು. ಟಿ.ವಿ. ನೋಡಿ ಜನ ಕೆಡುತ್ತಾರೆಯೆ ಎಂದು ತಿಳಿಯಲು ಸಿಬಿಎಸ್ ವಾಹಿನಿ ದುಡ್ಡು ಕೊಟ್ಟಿತು. ‘ಮೆಡಿಕಲ್ ಸೆಂಟರ್’ ಧಾರಾವಾಹಿಯ ಒಂದೇ ಕಂತನ್ನು ಬೇರೆ ಬೇರೆಯಾಗಿ ಚಿತ್ರಿಸಿದರು: ಒಂದರಲ್ಲಿ ಪಾತ್ರಧಾರಿ ದೇಣಿಗೆ ಡಬ್ಬಿ ಒಡೆದು ಹಣ ಕದ್ದು ಸಿಕ್ಕಿಬೀಳುತ್ತಾನೆ, ಇನ್ನೊಂದರಲ್ಲಿ ಪಾರಾಗುತ್ತಾನೆ, ಮತ್ತೊಂದರಲ್ಲಿ ಕದಿಯುವುದೇ ಇಲ್ಲ. ನೋಡಿದವರಿಗೆ ಉಚಿತ ಟ್ರಾನ್ಸಿಸ್ಟರ್ ರೇಡಿಯೊ ಕೊಡುವುದಾಗಿ ಹೇಳಿ ಕಚೇರಿಗೆ ಕರೆಸಿದರು. ಅಲ್ಲಿ ಯಾರೂ ಇಲ್ಲ, ರೇಡಿಯೊ ಮುಗಿದಿದೆ ಎಂಬ ಚೀಟಿ, ಗೋಡೆಯಲ್ಲಿ ನೋಟು ಇಣುಕುವ ದೇಣಿಗೆ ಡಬ್ಬಿ, ಮರೆಯಲ್ಲಿ ಕ್ಯಾಮೆರಾ. ಕಳ್ಳತನ ನೋಡಿದವರಿಗೂ ನೋಡದವರಿಗೂ ಕದಿಯುವುದರಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ದುಡ್ಡು ಕೊಟ್ಟ ವಾಹಿನಿಗೆ ಇದಕ್ಕಿಂತ ಅನುಕೂಲದ ಉತ್ತರ ಬೇರೆ ಇರಲಿಲ್ಲ, ಅನುಮಾನಿಸುವವರು ಅಲ್ಲೇ ಕೈ ಹಿಡಿಯುತ್ತಾರೆ. ಆದರೆ ವಿಧಾನ, ಸಂಖ್ಯೆ, ಸೋತ ಯತ್ನಗಳನ್ನೆಲ್ಲ ಮಿಲ್‌ಗ್ರಾಮ್ ಮತ್ತು ಲ್ಯಾನ್ಸ್ ಶಾಟ್‌ಲ್ಯಾಂಡ್ 1973ರಲ್ಲಿ ಪುಸ್ತಕವಾಗಿ ಮುದ್ರಿಸಿದ್ದರಿಂದ ಆ ಅನುಮಾನವನ್ನು ಕೂತು ಪರೀಕ್ಷಿಸಲು ಸಾಧ್ಯವಿದೆ. ಆಘಾತದ ಗುಂಡಿಯ ಮೇಲೆ ಸಿನಿಮಾಗಳೇ ಬಂದಿವೆ. ಯಾರೂ ಹೆಚ್ಚು ಕದಿಯದ ಈ ಪ್ರಯೋಗದ ಮೇಲೆ ಅಷ್ಟು ಆಸಕ್ತಿ ಯಾವ ನಿರ್ಮಾಪಕನೂ ತೋರಿಸಿಲ್ಲ.